ಅತ್ತು ಮುಗಿದ ಮೇಲೆ

‘ಬ್ರಯಾನ್ಸ್ ಸಾಂಗ್’ ನೋಡಿ ಅಳದವರು ಕಡಿಮೆ. 1971ರ ನವೆಂಬರ್ 30ರಂದು ಅಮೆರಿಕದ ಟಿ.ವಿ.ಯಲ್ಲಿ ಮೊದಲು ಬಂದ ಈ ಚಿತ್ರ ಇಬ್ಬರು ಫುಟ್‌ಬಾಲ್ ಆಟಗಾರರ ಗೆಳೆತನದ ಕಥೆ. ನಾನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡವಳೇ. ಆದರೂ ಒಂದು ತಕರಾರು ಉಳಿದುಬಿಟ್ಟಿತು. ಸತ್ತವನಿಗಾಗಿ ಇಷ್ಟೊಂದು ಅಳಿಸುವ ಚಿತ್ರ, ಬದುಕಿ ಉಳಿದವನನ್ನು ಅಷ್ಟು ಬೇಗ ಕೈಬಿಟ್ಟಿದ್ದೇಕೆ?

ಉಳಿದವನು ಗೇಲ್ ಸೇಯರ್ಸ್. ಅಲ್ಲಿನ ಫುಟ್‌ಬಾಲ್ ನಾವು ಕಂಡ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಅವುಚಿಕೊಂಡು, ಮೈಮೇಲೆ ಬೀಳುವವರನ್ನು ತಪ್ಪಿಸುತ್ತ ಓಡುವುದು ಇವನ ಕೆಲಸ; ಅಂಥವನನ್ನು ರನ್ನಿಂಗ್ ಬ್ಯಾಕ್ ಎನ್ನುತ್ತಾರೆ. ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ, 1963ರಲ್ಲಿ, ನೆಬ್ರಾಸ್ಕದ ವಿರುದ್ಧ ಒಂದೇ ಉಸಿರಿಗೆ 99 ಗಜ ಓಡಿದ್ದ. (ಬೆಳೆದದ್ದು ನೆಬ್ರಾಸ್ಕದ ಒಮಾಹಾದಲ್ಲೇ. ಊರಿನವರ ಹೊಟ್ಟೆ ಎಷ್ಟು ಉರಿದಿರಬೇಡ!) 1965ರಲ್ಲಿ ಶಿಕಾಗೊ ಬೇರ್ಸ್ ತಂಡ ಸೇರಿದ ವರ್ಷವೇ 22 ಟಚ್‌ಡೌನ್; ಅದರಲ್ಲಿ ಆರು, ಕೆಸರು ತುಂಬಿದ ಮೈದಾನದ ಒಂದೇ ಪಂದ್ಯದಲ್ಲಿ. 1968ರಲ್ಲಿ ಬಲ ಮಂಡಿ ಹೋಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದು ಮರುವರ್ಷ 1,032 ಗಜ ಓಡಿ ಲೀಗಿಗೇ ಮೊದಲಿಗನಾದ.

ಬ್ರಯಾನ್ ಪಿಕೊಲೊ ಅದೇ ತಂಡದವನು. ಇವನು ಕರಿಯ, ಅವನು ಬಿಳಿಯ. 1967ರಿಂದ ಇಬ್ಬರೂ ಒಂದೇ ಕೋಣೆಯ ವಾಸಿಗಳು. ಆ ದೇಶದಲ್ಲಿ ಆಗ ಅದು ಸಣ್ಣ ಸಂಗತಿಯಲ್ಲ. 1970ರ ಜೂನ್‌ನಲ್ಲಿ, 26ನೆಯ ವಯಸ್ಸಿಗೆ, ಪಿಕೊಲೊ ಕ್ಯಾನ್ಸರ್‌ನಿಂದ ತೀರಿಕೊಂಡ. ಅದಕ್ಕೆ ಕೆಲವೇ ವಾರ ಮುಂಚೆ ತನಗೆ ಬಂದ ಧೈರ್ಯದ ಪ್ರಶಸ್ತಿ ನಿಜವಾಗಿ ಗೆಳೆಯನಿಗೆ ಸಲ್ಲಬೇಕಾದದ್ದು ಎಂದು ಸೇಯರ್ಸ್ ತುಂಬಿದ ಸಭೆಯಲ್ಲಿ ಹೇಳಿದ್ದ. ಚಿತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ಈ ಭಾಗ. ಬಾಯಿ ಬಿಡಲು ಹೆದರುವ ಹಿಂದಿನ ಬೆಂಚಿನ ಹುಡುಗ ಕೊನೆಗೆ ಎದ್ದು ನಿಂತು ಮಾತಾಡುವುದನ್ನು ಬಿಲ್ಲಿ ಡೀ ವಿಲಿಯಮ್ಸ್ ಎಲ್ಲೂ ಅತಿ ಮಾಡದೆ ಅಭಿನಯಿಸಿದ್ದಾನೆ. ಹೆಂಡತಿಯರ ಪಾಲಿಗೆ ಮಾತ್ರ ಧೈರ್ಯವಾಗಿ ನಗುವ ಕೆಲಸವಷ್ಟೇ ಬಂದಿದೆ. ಅವರಿಗೂ ಒಂದು ಮನಸ್ಸಿತ್ತು ಎಂದು ಚಿತ್ರಕಥೆ ಬರೆದವರಿಗೆ ನೆನಪಾಗಲಿಲ್ಲ.

ಇನ್ನೊಂದು ಮಾತು. ಮನೆಮನೆಯವರು ಟಿ.ವಿ. ಮುಂದೆ ಅಳುತ್ತಿದ್ದ ಹೊತ್ತಿಗೆ ಸೇಯರ್ಸ್‌ನ ಆಟವೂ ಮುಗಿದೇ ಹೋಗಿತ್ತು. 1970ರಲ್ಲಿ ಎಡ ಮಂಡಿಯೂ ಕೆಟ್ಟಿತ್ತು. ಒಟ್ಟು ಆಡಿದ್ದು 68 ಪಂದ್ಯ, ಆಗ ವಯಸ್ಸು 28. ಚಿತ್ರದಲ್ಲಿ ಗೆದ್ದು ನಿಂತ ಮಂಡಿ ಮನೆಯಲ್ಲಿ ಸೋತಿತ್ತು. ಆಗಿನವರಿಗೆ ಮುಂದಿನದು ತಿಳಿಯುವುದು ಹೇಗೆ ಎನ್ನಬಹುದು. ಸರಿ, ಆದರೆ 2001ರಲ್ಲಿ ಇದೇ ಚಿತ್ರವನ್ನು ಹೊಸದಾಗಿ ತೆಗೆದಾಗಲೂ ಆರಿಸಿಕೊಂಡದ್ದು ಅದೇ ಗೆಳೆತನವನ್ನು, ಅದೇ ಸಾವನ್ನು.

ನಾನು ನೋಡಬಯಸುವ ಸೇಯರ್ಸ್ ಬೇರೆ. ಆಟಕ್ಕಾಗಿ ಅರ್ಧಕ್ಕೆ ಬಿಟ್ಟ ಓದಿಗೆ ಅವನು ಮರಳಿ ಹೋದ. 1975ರಲ್ಲಿ ಪದವಿ, 1977ರಲ್ಲಿ ಸ್ನಾತಕೋತ್ತರ ಪದವಿ, ಎರಡೂ ಕಾನ್ಸಾಸ್‌ನಲ್ಲೇ. ದೇಶವೆಲ್ಲ ಹೆಸರು ಬಲ್ಲ ಗಂಡಸು ಮೂವತ್ತು ದಾಟಿದ ಮೇಲೆ ಪರೀಕ್ಷೆಗೆ ಓದುತ್ತಾನೆ! ಆ ದೃಶ್ಯವನ್ನು ಯಾರೂ ತೆಗೆಯಲಿಲ್ಲ. ಅವನಿಗೆ ಮರೆವಿನ ಕಾಯಿಲೆ ಇದೆಯೆಂದು 2017ರಲ್ಲಿ ಪತ್ನಿ ಆರ್ಡಿತ್ ಲೋಕಕ್ಕೆ ತಿಳಿಸಿದಾಗಲೂ, 2020ರಲ್ಲಿ 77ನೆಯ ವಯಸ್ಸಿಗೆ ಅವನು ತೀರಿಕೊಂಡಾಗಲೂ, ಜನ ನೆನೆದದ್ದು ಅದೇ ಹಳೆಯ ಚಿತ್ರವನ್ನು.