ದುಡ್ಡಿಲ್ಲದ ಅರಮನೆಯ ಬಾಕಿ ಲೆಕ್ಕ

‘ಹಣ ಬರುವ ಮೊದಲು ಜನ ವಸ್ತು ಕೊಟ್ಟು ವಸ್ತು ತಗೊಳ್ತಿದ್ರು, ಸಾಲ, ಬಾಕಿ ಅಂತ ಇರಲಿಲ್ಲ’ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಎರಡು ವರ್ಷದ ಹಿಂದೆ ಒಂದು ಸಣ್ಣ ಸಭೆಯಲ್ಲಿ ನಾನೂ ಹಾಗೇ ಹೇಳಿದ್ದೆ. ಗ್ರೀಸಿನ ಪೈಲೋಸ್ ಅರಮನೆಯ ಮಣ್ಣಿನ ಫಲಕಗಳ ಪಾಠ ನೋಡಿದ ಮೇಲೆ ಅದನ್ನು ವಾಪಸ್ ತಗೊಳ್ಳಬೇಕಾಗಿದೆ.

ಈ ಫಲಕಗಳು ಕ್ರಿ.ಪೂ. 1200ರ ಸುಮಾರಿನವು. ನಾಣ್ಯ ಹುಟ್ಟುವುದಕ್ಕೆ ಇನ್ನೂ ಐದಾರು ನೂರು ವರ್ಷ ಇತ್ತು. ಹಸಿಮಣ್ಣಿನ ಮೇಲೆ ಗೀಚಿ ಒಣಗಿಸಿದ ಲೆಕ್ಕಗಳಿವು. ಅರಮನೆಗೆ ಬೆಂಕಿ ಬಿದ್ದು ಸುಟ್ಟಿದ್ದರಿಂದಲೇ ಉಳಿದವು. ಲಿಪಿ ಲೀನಿಯರ್ ಬಿ. 1952ರಲ್ಲಿ ಅದನ್ನು ಬಿಡಿಸಿದ ಮೈಕೆಲ್ ವೆಂಟ್ರಿಸ್ ವೃತ್ತಿಯಿಂದ ಆರ್ಕಿಟೆಕ್ಟ್. ನನ್ನಂಥ ಹವ್ಯಾಸಿಗಳಿಗೆ ಅದೊಂದು ಧೈರ್ಯ.

ನಮ್ಮ ಶಾಸನಗಳಲ್ಲಿ ಗದ್ಯಾಣ, ಪಣ ಹುಡುಕಿ ಅಭ್ಯಾಸವಾದ ಕಣ್ಣು ಇಲ್ಲೂ ಬೆಲೆ ಹುಡುಕಿತು. ಸಿಗಲಿಲ್ಲ. ವಿದ್ವಾಂಸರು ‘ಎಂಎ’ ಎಂದು ಗುರುತಿಸುವ ತೆರಿಗೆ ಫಲಕಗಳಲ್ಲಿ ಪ್ರತಿ ಪ್ರಾಂತ್ಯಕ್ಕೂ ಅದೇ ಆರು ಸರಕು ಗೊತ್ತುಮಾಡಿದ್ದಾರೆ. ಎಕ್ಸೆಲ್‌ಗೆ ಹಾಕಿ ನೋಡಿದೆ. ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಮೊತ್ತ ಬೇರೆ, ಆದರೆ ಸರಕುಗಳ ಅನುಪಾತ ಹೆಚ್ಚುಕಡಿಮೆ ಒಂದೇ: 7:7:2:3:1.5:150. ಇದನ್ನು ದರಪಟ್ಟಿ ಅಂತ ಓದಬಾರದು. ಒಂದರ ಬದಲು ಇನ್ನೊಂದು ಕೊಟ್ಟರೆ ನಡೆಯುತ್ತದೆ ಅಂತ ಇಲ್ಲಿ ಎಲ್ಲೂ ಇಲ್ಲ; ಆರೂ ಸರಕಿಗೆ ಬೇರೆಬೇರೆ ಲೆಕ್ಕ.

ಕೊಟ್ಟಿದ್ದೆಷ್ಟು ಅಂತ ಬರೆದ ಮೇಲೆ ಕೊಡದೆ ಉಳಿದದ್ದನ್ನೂ ಬರೆದಿದ್ದಾರೆ. ಅದಕ್ಕೊಂದು ಪದವೇ ಇದೆ: ‘ಒ-ಪೆ-ರೊ’, ಅಂದರೆ ಬಾಕಿ. ಕಂಚುಗಾರರು ಇಷ್ಟು ಕೊಡುವುದಿಲ್ಲ ಎಂಬ ವಿನಾಯಿತಿಯೂ ಉಂಟು. ನಮ್ಮ ಶಾಸನಗಳ ‘ಮಾನ್ಯ’ ಓದಿದವರಿಗೆ ಇದು ಹೊಸದೇನಲ್ಲ.

ಹಾಗಾದರೆ ವಸ್ತು ವಿನಿಮಯ ಇರಲೇ ಇಲ್ವಾ? ಇತ್ತು. ಒಂದು ಫಲಕದಲ್ಲಿ ಪಟಿಕ ತಗೊಂಡು ಉಣ್ಣೆ, ಮೇಕೆ, ಬಟ್ಟೆ, ದ್ರಾಕ್ಷಾರಸ, ಅಂಜೂರ ಕೊಟ್ಟಿದ್ದಾರೆ. ಆದರೆ ಅಂಥ ದಾಖಲೆ ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಅರಮನೆ ಎತ್ತಿದ್ದು, ಹಂಚಿದ್ದು.

ನನ್ನನ್ನು ತುಂಬಾ ಹೊತ್ತು ಹಿಡಿದು ನಿಲ್ಲಿಸಿದ್ದು ಪಡಿತರದ ಫಲಕಗಳು. ಮಿಲೆಟಸ್, ಕ್ನಿಡಸ್, ಲೆಮ್ನೋಸ್ ಎಂದು ದೂರದ ಊರಿನ ಹೆಸರಿಂದ ಗುರುತಿಸಿದ ಹೆಂಗಸರು, ಅವರ ಮಕ್ಕಳು, ಎದುರಿಗೆ ಧಾನ್ಯ ಎಷ್ಟು, ಅಂಜೂರ ಎಷ್ಟು. ಅವರ ಹೆಸರಿಲ್ಲ, ತಲೆ ಎಣಿಕೆ ಮಾತ್ರ.

ಅಂದು ಸಭೆಯಲ್ಲಿದ್ದವರು ಇದನ್ನು ಓದುತ್ತಿದ್ದರೆ, ನನ್ನ ಮಾತನ್ನು ಹೀಗೆ ತಿದ್ದಿಕೊಳ್ಳಿ: ಪೈಲೋಸಿನಲ್ಲಿ ದುಡ್ಡಿರಲಿಲ್ಲ, ಬಾಕಿ ಇತ್ತು; ಬರೆದಿಡುವವರೂ ಇದ್ದರು.