ಅಂಕಣ ಎಣಿಸುವವರಿಗೆ ಕಾಣುವ ಅರಮನೆ

ಹಂಪಿಗೆ ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿದರೆ ವಿರೂಪಾಕ್ಷನ ಗೋಪುರ, ವಿಠ್ಠಲನ ಗುಡಿಯ ಕಲ್ಲಿನ ರಥ, ಉಗ್ರನರಸಿಂಹ, ಕಮಲಮಹಲು ಎಂದು ಪಟ್ಟಿ ಒಪ್ಪಿಸುತ್ತಾರೆ. ಅರಮನೆ ನೋಡಿದಿರಾ ಎಂದರೆ ಮಾತು ಸಪ್ಪಗಾಗುತ್ತದೆ. 'ಅಲ್ಲೇನೈತಿ, ಬರೇ ಕಟ್ಟಿ' ಎಂಬ ಉತ್ತರ ಬರುತ್ತದೆ. ಕೊಪ್ಪಳ ಜಿಲ್ಲೆಯ ಸಿದ್ದಾಪುರದ ಕಡೆಯವರಿಗೆ ಈ ಜಾಗ ದೂರದ್ದೇನೂ ಅಲ್ಲ. ಗಂಗಾವತಿ ಹಾದು, ಆನೆಗೊಂದಿ ಹತ್ತಿರದ ಕಡೇಬಾಗಿಲಿನ ಸೇತುವೆಯ ಮೇಲೆ ಹೊಳೆ ದಾಟಿ ಬುಕ್ಕಸಾಗರ, ಕಮಲಾಪುರ ಹಿಡಿದರೆ ಅರ್ಧ ದಿನದಲ್ಲಿ ನೋಡಿಕೊಂಡು ಬರಬಹುದು. ಆದರೂ ರಾಜರು, ಮಂದಿಮಾರ್ಬಲದ ದೊಡ್ಡವರು ಉಂಡು ಮಲಗಿದ ಮನೆಗಳ ಮುಂದೆ ನಮ್ಮ ಜನ ಐದು ನಿಮಿಷ ನಿಲ್ಲುವುದಿಲ್ಲ. ಆ ಕಟ್ಟೆಗಳನ್ನು ಓದಲು ಬೇಕಾದ ವ್ಯಾಕರಣ ಪುರಾತತ್ವ ಇಲಾಖೆಯ ಫಲಕಕ್ಕಿಂತ ಚೆನ್ನಾಗಿ ಇದೇ ಜನರ ಬಾಯಲ್ಲಿದೆ ಎಂಬುದು ಈ ಬರಹದ ವಾದ. ಮನೆ ಎಷ್ಟು ಅಂಕಣದ್ದು ಎಂದು ಇಂದಿಗೂ ಕೇಳುವ ಸೀಮೆ ಇದು. ಆ ಒಂದು ಪ್ರಶ್ನೆಯನ್ನು ಹಂಪಿಯ ಬಯಲಿಗೆ ಹೊತ್ತುಕೊಂಡು ಹೋದರೆ ಸಾಕು.

ಗೋಡೆ ಏಕಿಲ್ಲ ಎಂಬಲ್ಲಿಂದ ಶುರು ಮಾಡೋಣ. ವಿಜಯನಗರದಲ್ಲಿ ದೇವರಿಗೆ ಅಡಿಪಾಯದಿಂದ ಚಾವಣಿಯವರೆಗೆ ಕಲ್ಲು. ಮನುಷ್ಯರಿಗೆ, ಅವರು ರಾಯರೇ ಆಗಿರಲಿ, ಕಲ್ಲು ಬುಡಕ್ಕೆ ಮಾತ್ರ. ಆ ಬುಡದ ಕಟ್ಟೆಯ, ಅಂದರೆ ಜಗತಿಯ ಮೇಲೆ ಮರದ ಕಂಬ, ಮರದ ತೊಲೆ, ಕಲ್ಲುಮಣ್ಣು ತುಂಬಿ ಗಾರೆ ಬಳಿದ ಗೋಡೆ. 1565ರ ಸೋಲಿನ ನಂತರ ಊರಿಗೆ ಬೆಂಕಿ ಬಿದ್ದಾಗ ಮರ ಉರಿಯಿತು. ಮರ ಹೊತ್ತಿದ್ದ ಚಾವಣಿ ಕುಸಿಯಿತು. ಚಾವಣಿ ಹೋದ ಗೋಡೆಗಳನ್ನು ಮಳೆ ಕರಗಿಸಿತು. ಅಗೆದಾಗ ಇದ್ದಿಲು, ಬೂದಿ, ಗಾರೆಯ ಅಲಂಕಾರದ ಚೂರುಗಳು ಸಿಕ್ಕಿವೆ. ಕಮಲಮಹಲು, ಹನ್ನೊಂದು ಕೋಣೆಗಳ ಆನೆಲಾಯ ಉಳಿದದ್ದು ಅವು ಹೆಚ್ಚು ಮಹತ್ವದ ಕಟ್ಟಡಗಳಾಗಿದ್ದವೆಂದಲ್ಲ. ಅವುಗಳ ಚಾವಣಿ ಕಮಾನು, ಗುಮ್ಮಟಗಳ ಮೇಲೆ ನಿಂತದ್ದು, ಸುಡಲು ಅಲ್ಲಿ ತೊಲೆ ಇರಲಿಲ್ಲ, ಅಷ್ಟೆ. ಹೊಸ ರಸಿಕ ಮೊದಲು ಕಲಿಯಬೇಕಾದ ಪಾಠ ಇದೇ. ಉಳಿದ ಕಟ್ಟಡಗಳನ್ನಷ್ಟೇ ನೋಡಿ ವಿಜಯನಗರದವರು ಹೇಗೆ ಬದುಕಿದರೆಂದು ಹೇಳಲು ಹೊರಟರೆ, ಜಾತ್ರೆ ಮುಗಿದ ಮರುದಿನ ರಥ ನೋಡಿ ಜಾತ್ರೆಯನ್ನು ವರ್ಣಿಸಿದಂತಾಗುತ್ತದೆ. ಕಟ್ಟಡಗಳಿಗೆ ಅಂಟಿಕೊಂಡ ಹೆಸರುಗಳನ್ನೂ ಹಾಗೇ ನಂಬಬಾರದು. ಕಮಲಮಹಲು, ರಾಣಿಯರ ಸ್ನಾನಗೃಹ ಇವೆಲ್ಲ ಊರು ಹಾಳಾದ ಮೇಲೆ ಬಂದವರು ಇಟ್ಟ ಹೆಸರುಗಳು.

ಈಗ ಅಂಕಣ. ನಾಲ್ಕು ಕಂಬ, ಅವುಗಳ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಈ ನಾಲ್ಕು ಕಂಬದ ನಡುವಣ ಚೌಕವೇ ಒಂದು ಅಂಕಣ. (ಪತ್ರಿಕೆಯವರು ಈ ಮಾತನ್ನು ಎರವಲು ತಂದು ತಮ್ಮ ಬರಹಕ್ಕೆ ಇಟ್ಟುಕೊಂಡರು, ಅಲ್ಲಿ ಭಾರ ಹೊರುವ ತೊಲೆ ಯಾವುದೆಂದು ಕೆಲವೊಮ್ಮೆ ತಿಳಿಯುವುದಿಲ್ಲ.) ಕೊಪ್ಪಳ, ರಾಯಚೂರು ಕಡೆಯ ಹಳೆಯ ಮನೆಯೊಳಗೆ ಕಾಲಿಟ್ಟವರಿಗೆ ಅಂಕಣದ ಜೊತೆ ಇನ್ನೊಂದು ಸಂಗತಿಯೂ ಗೊತ್ತು: ಮಟ್ಟ. ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ತಗ್ಗು. ಅಲ್ಲಿಂದ ಮೆಟ್ಟಿಲೇರಿದರೆ ಪಡಸಾಲೆ. ಅದರಾಚೆ ನಡುಮನೆ, ಅಡುಗೆಮನೆ, ದೇವರ ಜಗಲಿ. ಎತ್ತು ಕೊಳ್ಳಲು ಬಂದವನು ಎಲ್ಲಿ ನಿಲ್ಲಬೇಕು, ಬೀಗರು ಎಲ್ಲಿ ಕೂರಬೇಕು, ಮನೆಯವರಷ್ಟೇ ಎಲ್ಲಿಗೆ ಹೋಗಬಹುದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೆಲದ ಎತ್ತರವೇ ಹೇಳುತ್ತದೆ. ದೇಸಾಯರ ವಾಡೆಗಳಲ್ಲಿ ಇದೇ ಲೆಕ್ಕ ಇನ್ನಷ್ಟು ಅಂಕಣಗಳಿಗೆ, ಇನ್ನೆರಡು ಮಟ್ಟಗಳಿಗೆ ಹಿಗ್ಗಿಕೊಂಡಿರುತ್ತದೆ.

ಈ ಲೆಕ್ಕ ಹಿಡಿದು ನೆಲದಡಿಯ ಶಿವಾಲಯವೆಂದು ಕರೆಯುವ ಪ್ರಸನ್ನ ವಿರೂಪಾಕ್ಷ ಗುಡಿಯ ಹತ್ತಿರದ ಬಯಲಿಗೆ ಹೋಗಬೇಕು. ಸಾಮಂತರ ವಾಡೆಗಳೆಂದು ಇದನ್ನು ಗುರುತಿಸುತ್ತಾರೆ. ಭಾರತೀಯ ಪುರಾತತ್ವ ಇಲಾಖೆ 1980ರ ದಶಕದಲ್ಲಿ ಇಲ್ಲಿ ಮಣ್ಣು ಸರಿಸಿ ಹಲವು ಮನೆಗಳ ತಳವನ್ನು ಹೊರಗೆಡಹಿತು. ಅದೇ ಕಾಲದಲ್ಲಿ ಜಾನ್ ಫ್ರಿಟ್ಜ್, ಜಾರ್ಜ್ ಮಿಷೆಲ್ ಮತ್ತವರ ಸಂಗಡಿಗರು ಹಂಪಿಯ ಕಟ್ಟಡಗಳನ್ನು ಒಂದೊಂದಾಗಿ ಅಳೆದು ನಕ್ಷೆ ಬರೆದರು. ಮೊದಲ ನೋಟಕ್ಕೆ ಎಲ್ಲ ಒಂದೇ ಥರದ ಕಲ್ಲಿನ ಗೊಂದಲ. ಅವಸರ ಮಾಡದೆ ಒಂದೇ ಮನೆಯನ್ನು ಆರಿಸಿಕೊಳ್ಳಿ. ಹೊರಗೋಡೆಯ ಸಾಲು ಹಿಡಿದು ಸುತ್ತುಹಾಕಿ ಬಾಗಿಲು ಎಲ್ಲಿತ್ತೆಂದು ಹುಡುಕಿ; ಹೆಚ್ಚಿನ ಮನೆಗಳ ಮುಖ ಪೂರ್ವಕ್ಕೋ ಉತ್ತರಕ್ಕೋ ಇದೆ. ಬಾಗಿಲಿನಿಂದ ಒಳಗೆ ಅಂಗಳ. ಅಂಗಳದ ಎದುರಿಗೆ ಜಗತಿ, ಅದರ ಮೇಲೆ ಇನ್ನೊಂದು ಜಗತಿ, ಒಂದರಿಂದ ಒಂದಕ್ಕೆ ಮೆಟ್ಟಿಲು. ಹಿಂದಕ್ಕೆ ಹೋದಂತೆ ನೆಲ ಏರುತ್ತದೆ, ಕೋಣೆ ಕಿರಿದಾಗುತ್ತದೆ. ಮುಂದಿನ ಮಟ್ಟದ ಎರಡು ಬದಿಗೆ ಚಾಚಿಕೊಂಡ ತೋಳುಗಳಿಂದ ಮನೆ ಕುದುರೆ ಲಾಳದ ಆಕಾರ ತಾಳುತ್ತದೆ. ಜಗತಿಯ ಮೇಲೆ ಕಂಬದ ಅಡಿಗಲ್ಲುಗಳು ಸಾಲಾಗಿ ಕೂತಿರುತ್ತವೆ. ಅವನ್ನು ಎಣಿಸಿದರೆ ಅಂಕಣ ಎಷ್ಟೆಂದು ತಿಳಿಯುತ್ತದೆ. ಅಂಕಣ ತಿಳಿದರೆ ತೊಲೆ ಎಷ್ಟು ಉದ್ದ ಇದ್ದಿರಬೇಕು, ಚಾವಣಿ ಎಲ್ಲಿಯವರೆಗೆ ಚಾಚಿತ್ತು, ನೆರಳು ಎಲ್ಲಿ ಬೀಳುತ್ತಿತ್ತು ಎಂಬುದೆಲ್ಲ ತಾನಾಗಿ ಬರುತ್ತದೆ. ಕೊನೆಗೆ ಜಗತಿಯ ಅಂಚಿಗೆ ಕೂತು ಅದರ ಪಟ್ಟಿಕೆಗಳನ್ನು ನೋಡಿ. ಗುಡಿಯ ಜಗತಿಯಲ್ಲಿ ಕಾಣುವ ಅವೇ ಏರಿಳಿತಗಳು ಮನುಷ್ಯರ ಮನೆಗೂ ಬಂದಿವೆ. ಕಲ್ಲಿನ ಮಾನ ಬುಡದವರೆಗೆ ದಕ್ಕಿತು. ಅದಕ್ಕಿಂತ ಮೇಲೆ ಇಲ್ಲ.

ಇಲ್ಲಿ ಒಂದು ಆಕ್ಷೇಪ ನ್ಯಾಯವಾಗಿಯೇ ಏಳುತ್ತದೆ. ನಾನೂರೈವತ್ತು ವರ್ಷ ಹಿಂದಿನ ಅರಮನೆಯನ್ನು ಇಂದಿನ ಒಕ್ಕಲಿಗನ ಮನೆ ಇಟ್ಟುಕೊಂಡು ಓದುವುದು ಸರಿಯೇ? ನಡುವೆ ಎಷ್ಟು ರಾಜ್ಯಗಳು ಬಂದವು, ಎಷ್ಟು ಪದ್ಧತಿಗಳು ಬದಲಾದವು! ನಾನು ವಂಶಾವಳಿ ಹೇಳುತ್ತಿಲ್ಲ. ಈ ಮನೆ ಆ ಅರಮನೆಯ ಮೊಮ್ಮಗು ಎಂದು ಸಾಧಿಸಲು ಸಾಕ್ಷ್ಯವೂ ಇಲ್ಲ, ಅಗತ್ಯವೂ ಇಲ್ಲ. ಮರ ಹೊರುವ ಭಾರಕ್ಕೆ ಒಂದು ಮಿತಿ ಇದೆ. ಆ ಮಿತಿ ರಾಯನಿಗೂ ರೈತನಿಗೂ ಒಂದೇ. ಬಿಸಿಲಿನ ನಾಡಿನಲ್ಲಿ ಮರ, ಮಣ್ಣು, ಕಲ್ಲು ಹಿಡಿದು ದೊಡ್ಡ ಕುಟುಂಬಕ್ಕೆ, ಹೋಗಿಬರುವ ಮಂದಿಗೆ ಮನೆ ಕಟ್ಟಹೊರಟವರು ಎಂದು ಕಟ್ಟಿದರೂ ಅಂಕಣದಿಂದ ಅಂಕಣಕ್ಕೆ ಬೆಳೆಸುತ್ತಾರೆ, ಒಳಹೊರಗನ್ನು ಮಟ್ಟದಿಂದ ಬೇರ್ಪಡಿಸುತ್ತಾರೆ. ಹೋಲಿಕೆ ನಮಗೆ ಕೊಡುವುದು ಓದುವ ಕ್ರಮ. ಓದಿ ಹೊರಡುವ ಅರ್ಥವನ್ನು ಮಾತ್ರ ಆ ಕಟ್ಟೆಯೇ ಒಪ್ಪಬೇಕು. ಒಪ್ಪದ ಕಡೆಗಳೂ ಇವೆ. ಒಕ್ಕಲಿಗನ ಮನೆಯಲ್ಲಿ ದನಕ್ಕೆ ಮೊದಲ ಅಂಕಣ ಕೊಟ್ಟಂತೆ ಸಾಮಂತನ ಮನೆಯಲ್ಲಿ ಕೊಟ್ಟಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಇಲ್ಲದ ಕಂಬ, ಇಲ್ಲದ ಮಾಳಿಗೆ ನೋಡುವುದು ರಸಿಕತೆಯೋ, ಹಗಲುಗನಸೋ? ಇದಕ್ಕೆ ರೋಮನ್ನರ ಕಡೆ ತಿರುಗಿ ನೋಡುವುದು ಒಳ್ಳೆಯದು. ಅವರ ಸಿರಿವಂತರೂ ಕಡಲಂಚಿನಲ್ಲಿ ವಾಡೆಗಳನ್ನು ಕಟ್ಟಿಸಿಕೊಂಡಿದ್ದರು. ನೇಪಲ್ಸ್ ಬಳಿಯ ಓಪ್ಲೊಂಟಿಸ್‌ನಲ್ಲಿ ಅಂಥ ಒಂದು ಮನೆ ಕ್ರಿ.ಶ. 79ರಲ್ಲಿ ವೆಸೂವಿಯಸ್‌ನ ಬೂದಿಯಲ್ಲಿ ಹೂತುಹೋಗಿ, ಗೋಡೆಯ ಬಣ್ಣದ ಚಿತ್ರಗಳ ಸಮೇತ ಉಳಿದುಬಂದಿದೆ. ಅರವತ್ತು ಮೀಟರಿಗೂ ಉದ್ದದ ಈಜುಕೊಳ ಬೇರೆ. ಅದನ್ನು ನೀರೊ ಚಕ್ರವರ್ತಿಯ ಹೆಂಡತಿ ಪೊಪ್ಪೆಯಾಳ ಮನೆ ಎಂದು ಕರೆಯುವ ರೂಢಿ ಇದೆ, ಖಚಿತ ಪುರಾವೆ ಇಲ್ಲ. ಹೆಸರಿನ ಹುಚ್ಚು ಅಲ್ಲಿಯೂ ನಮ್ಮಷ್ಟೇ. ನಮಗಿಲ್ಲಿ ಹೆಚ್ಚು ಉಪಯುಕ್ತನಾದವನು ರೋಮನ್ ಲೇಖಕ ಕಿರಿಯ ಪ್ಲಿನಿ. ಲಾರೆಂಟಮ್‌ನಲ್ಲಿದ್ದ ತನ್ನ ಕಡಲಮನೆಯ ಒಂದೊಂದು ಕೋಣೆಗೂ ಬಿಸಿಲು ಯಾವ ಹೊತ್ತಿಗೆ, ಗಾಳಿ ಯಾವ ದಿಕ್ಕಿನಿಂದ ಎಂದು ಅವನು ಗೆಳೆಯನಿಗೆ ಕಾಗದ ಬರೆದ. ಕಾಗದ ಉಳಿಯಿತು, ಮನೆ ಇದೇ ಎಂದು ಎಲ್ಲರೂ ಒಪ್ಪುವ ಅವಶೇಷ ಸಿಕ್ಕಿಲ್ಲ. ಶತಮಾನಗಳಿಂದ ಯುರೋಪಿನ ವಾಸ್ತುಶಿಲ್ಪಿಗಳು ಆ ಮಾತುಗಳನ್ನಷ್ಟೇ ನಂಬಿ ನಕ್ಷೆ ಬರೆದಿದ್ದಾರೆ, ಒಬ್ಬನ ನಕ್ಷೆಯಂತೆ ಇನ್ನೊಬ್ಬನದಿಲ್ಲ. ನೆಲವಿಲ್ಲದ ಊಹೆಗೆ ಕಡಿವಾಣವಿಲ್ಲ. ಹಂಪಿಯಲ್ಲಿ ನೆಲವಿದೆ. ಅಡಿಗಲ್ಲು ಇರುವಲ್ಲಿ ಮಾತ್ರ ಕಂಬ ನಿಲ್ಲಿಸಬಹುದು, ಮೆಟ್ಟಿಲು ಇರುವಲ್ಲಿ ಮಾತ್ರ ಮೇಲೇರಬಹುದು. ರಾಜಪ್ರಾಂಗಣದಲ್ಲಿ ಹತ್ತು ಸಾಲು, ಸಾಲಿಗೆ ಹತ್ತು ಕಂಬವಿದ್ದ ಸಭಾಮಂಟಪದ ತಳವಿದೆ. ಅದರ ದಕ್ಷಿಣದಲ್ಲಿ ಎಲ್ಲಿಗೂ ಮುಟ್ಟದ ಮೆಟ್ಟಿಲು. ಮೇಲೊಂದು ಮಹಡಿ ಇಲ್ಲದಿದ್ದರೆ ಆ ಮೆಟ್ಟಿಲನ್ನು ಯಾರೂ ಕಟ್ಟುತ್ತಿರಲಿಲ್ಲ. ಇದಕ್ಕೆ ವಿರುದ್ಧವಾಗಿ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅರಮನೆಯೊಳಗೆ ಮೇಲಿನಿಂದ ಕೆಳಗಿನವರೆಗೆ ದಂತವೇ ತುಂಬಿದ ಕೋಣೆಯೊಂದನ್ನು ಕಂಡು ಬರೆದಿದ್ದಾನೆ. ಅದನ್ನು ಇಂಥದೇ ಕಟ್ಟೆಯ ಮೇಲೆ ಕೂರಿಸಲು ಆಧಾರವಿಲ್ಲ. ಕೂರಿಸದಿರುವ ಸಂಯಮವೂ ರಸಿಕತೆಯ ಭಾಗವೇ. ಮಾರ್ಗದರ್ಶಿಗಳು 'ಇಲ್ಲೇ ರಾಣಿ ಕೂಡುತ್ತಿದ್ದಳು' ಎಂದಾಗ ನಕ್ಕು ಮುಂದೆ ನಡೆಯಬಹುದು.

ನೀರಿನ ವಿಷಯಕ್ಕೆ ಬಂದರೆ ಎರಡು ನಾಡಿನ ರುಚಿ ಬೇರೆಯಾಗುತ್ತದೆ. ರೋಮನ್ನರು ಮನೆಯನ್ನು ನೀರಿನ ಬಳಿಗೆ ಒಯ್ದರು. ವಿಜಯನಗರದವರು ಹೊಳೆಯಂಚನ್ನು ದೇವರಿಗೆ ಬಿಟ್ಟು, ತಾವು ಗುಡ್ಡದಾಚೆ ನೆಲೆಸಿ, ನೀರನ್ನು ಮನೆಗೆ ಕರೆದರು. ರಾಜಪ್ರಾಂಗಣದಲ್ಲಿ ಕಲ್ಲುಕಂಬಗಳ ಮೇಲೆ ಸಾಗುವ ಕಲ್ಲಿನ ದೋಣಿಗಾಲುವೆ, ಕಟ್ಟಡದಿಂದ ಕಟ್ಟಡಕ್ಕೆ ಹರಿವ ನೆಲಗಾಲುವೆ, ಹೆಜ್ಜೆಗೊಂದು ತೊಟ್ಟಿ. ಕಾಲುವೆಯ ಸರದಿ, ತೂಬು, ಕೊನೆಯಂಚಿನ ಹೊಲಕ್ಕೆ ನೀರು ಮುಟ್ಟದ ತಗಾದೆ ಇವುಗಳ ನಡುವೆಯೇ ಭತ್ತ ಬೆಳೆಯುವ ತುಂಗಭದ್ರೆಯ ಎಡದಂಡೆಯ ಜನಕ್ಕೆ ಇದರ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಗಂಗಾವತಿಯ ಮೇಲಿನ, ಕೆಳಗಿನ ಕಾಲುವೆಗಳೂ ವಿಜಯನಗರದವೇ. ಆ ಕಣ್ಣಿನಿಂದಲೇ ಇಳಿಜಾರನ್ನು ಗಮನಿಸಿ: ನೀರು ಎಲ್ಲಿಂದ ಬಂತು, ಎಲ್ಲಿ ಕವಲೊಡೆಯಿತು, ಹೊಲಸು ನೀರು ಎತ್ತ ಹೋಯಿತು. ರಾಣಿಯರ ಸ್ನಾನಗೃಹ ಎಂಬ ಚೌಕ ಕಟ್ಟಡದ ಹೊರಗೋಡೆ ಬೋಳು, ಸುತ್ತ ನೀರಿನ ಕಂದಕ. ಒಳಗೆ ಹೋದರೆ ಕಮಾನಿನ ಮೊಗಸಾಲೆ, ಕೊಳದ ಮೇಲೆ ಚಾಚಿದ ಉಪ್ಪರಿಗೆ, ಹದಿನೈದು ಮೀಟರ್ ಚೌಕದ ಕೊಳ. ಮಾಳಿಗೆ ಮನೆಯ ಒರಟು ಹೊರಮೈ, ಒಳಗಿನ ಕೆತ್ತನೆಯ ಕಂಬ ನೆನಪಾದರೆ ಅದು ತಪ್ಪು ನೆನಪಲ್ಲ.

ರಾಜಪ್ರಾಂಗಣದ ಮಹಾನವಮಿ ದಿಬ್ಬಕ್ಕೆ ಹೊತ್ತು ನೋಡಿ ಹೋಗಬೇಕು. ಅದರ ಕೆತ್ತನೆ ಆಳವಿಲ್ಲದ್ದು. ನಡುಹಗಲಿನ ನೆತ್ತಿಬಿಸಿಲಿನಲ್ಲಿ ಕುದುರೆಯೂ ಕಲ್ಲು, ಕುಣಿಯುವವಳೂ ಕಲ್ಲು. ಬೆಳಗಿನ ಓರೆಬಿಸಿಲಿಗೆ ಪೂರ್ವದ ಮೈ, ಇಳಿಹೊತ್ತಿಗೆ ಪಶ್ಚಿಮದ ಮೈ ಜೀವ ತಾಳುತ್ತದೆ. ಆನೆ, ಕುದುರೆ, ಒಂಟೆ, ಬೇಟೆ, ಕುಸ್ತಿ, ಕೋಲಾಟ, ಉದ್ದ ಟೋಪಿಯ ಪರದೇಶಿಗಳು ಎಲ್ಲ ಅಲ್ಲಿದ್ದಾರೆ. ಹೆಚ್ಚಿನವರು ಇಷ್ಟು ನೋಡಿ, ಮೇಲೆ ಹತ್ತಿ, ಸುತ್ತಣ ನೋಟದ ಫೋಟೊ ತೆಗೆದು ಇಳಿಯುತ್ತಾರೆ. ಮೇಲೆ ಹತ್ತಿದವರು ಕಾಲಬುಡ ನೋಡಬೇಕು. ಕಂಬ ನೆಟ್ಟ ಗುರುತುಗಳಿವೆ. ದಿಬ್ಬವೆಂಬುದು ಇಡಿಯಾಗಿ ಒಂದು ಜಗತಿ. ನವರಾತ್ರಿಯಲ್ಲಿ ರಾಯರು ಕೂತು ನೋಡುತ್ತಿದ್ದ ಮರದ, ಬಟ್ಟೆಯ ಮಂಟಪ ಅದರ ಮೇಲಿತ್ತು. ಅಲ್ಲಿಯೂ ಅಂಕಣವೇ.

ದೊಡ್ಡವರ ಮನೆಯಷ್ಟೇ ಏಕೆ, ದುಡಿದವರ ಮನೆ ಎಲ್ಲಿ ಎಂದು ಕೇಳುವವರಿದ್ದಾರೆ, ಕೇಳಲೇಬೇಕು. ಜಗತಿಗೆ ಕಲ್ಲು ಕಡಿಯಿಸುವ ಶಕ್ತಿ ಇಲ್ಲದವರ ಮನೆ ಮಣ್ಣಿಗೆ ಮರಳಿತು. ಉಳಿದದ್ದು ಮಡಕೆಯ ಚೂರು, ಹಾಸುಬಂಡೆಯಲ್ಲಿ ಕುಟ್ಟಿ ಕುಟ್ಟಿ ಆದ ಒರಳುಗುಂಡಿ, ಬಿಡುವಿನಲ್ಲಿ ಕೊರೆದ ಆಟದ ಮನೆಗಳು, ಬಂಡೆ ಸೀಳಲು ಸಾಲಾಗಿ ಹೊಡೆದ ಉಳಿಯ ಗುಳಿಗಳು. ಸಾಮಂತರ ಮನೆಗಳಲ್ಲಿ ಚೀನಾದ ಪಿಂಗಾಣಿಯ ಚೂರು ಸಿಕ್ಕಿರುವುದನ್ನು ಇದರ ಪಕ್ಕ ಇಟ್ಟು ನೋಡಿದರೆ ಅಂತರ ತಿಳಿಯುತ್ತದೆ. ಇದಕ್ಕಾಗಿ ಬೇರೆ ದಾರಿ ಹಿಡಿಯಬೇಕಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ನಡೆಯುವಾಗ ಕಾಲಡಿಯ ಬಂಡೆಯ ಮೇಲೆ ಕಣ್ಣಿದ್ದರಾಯಿತು.

ದಿಬ್ಬದಿಂದ ಸ್ವಲ್ಪ ದೂರದಲ್ಲಿ 1980ರ ದಶಕದ ಅಗೆತದಲ್ಲಿ ಸಿಕ್ಕ ಮೆಟ್ಟಿಲ ಪುಷ್ಕರಣಿ ಇದೆ. ಕಪ್ಪು ಬಳಪದ ಕಲ್ಲು, ಐದು ಹಂತ, ಎಲ್ಲ ಕಡೆಯೂ ತ್ರಿಕೋನದಂತೆ ಇಳಿವ ಪುಟ್ಟ ಮೆಟ್ಟಿಲುಗಳ ಗುಂಪು. ಸುತ್ತಲಿನ ಗ್ರಾನೈಟಿನ ನಡುವೆ ಇದೊಂದು ಬೇರೆಯೇ ಜಾತಿಯ ಕಲ್ಲು. ಅದರ ಕಲ್ಲುಗಳ ಮೇಲೆ ಗುರುತಿನ ಅಕ್ಷರಗಳಿವೆ: ಈ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ, ಸಾಲಿನಲ್ಲಿ ಎಷ್ಟನೆಯದು. ಬೇರೆ ಕಡೆ ಕಡೆದ ಕಲ್ಲುಗಳನ್ನು ತಂದು ತಪ್ಪಿಲ್ಲದೆ ಜೋಡಿಸಲು ಕಲ್ಲುಕುಟಿಗರು ಬರೆದುಕೊಂಡ ಲೆಕ್ಕ ಅದು. ಬಿರುದಾವಳಿಯ ಶಾಸನಗಳನ್ನು ರಾಯರು ಬರೆಸಿದರು. ಈ ಅಕ್ಷರಗಳನ್ನು ಕೆಲಸದವನೊಬ್ಬ ಇನ್ನೊಬ್ಬ ಕೆಲಸದವನಿಗಾಗಿ ಬರೆದ, ಕನ್ನಡದಲ್ಲಿ.