ಮೀಸೆಗೆ ಮಣ್ಣಾದವರ ಗದ್ಯ

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆ ನಮ್ಮಲ್ಲಿದೆ. ವಯಸ್ಸಾದ ಮೇಲೆ ಹೊಸ ವಿದ್ಯೆ ಕಲಿತವರ ಬರವಣಿಗೆ ಬಹಳಮಟ್ಟಿಗೆ ಈ ಜಟ್ಟಿಯ ಜಾತಿಯದು. ಗೆದ್ದ ದಿನಕ್ಕೆ ಹತ್ತು ಪುಟ, ಬಿದ್ದ ದಿನಕ್ಕೆ ಒಂದು ವಾಕ್ಯ.

ಇದಕ್ಕೆ ಹೊರತಾದ ಪ್ರಬಂಧವೊಂದನ್ನು ಬಮ್ಮಿಗಟ್ಟಿಯಲ್ಲಿ, ಮಳೆ ಹಿಡಿದ ಸಂಜೆಯೊಂದರಲ್ಲಿ ಓದಿದೆ. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ 1894ರಲ್ಲಿ ‘ಸ್ಟ್ರ್ಯಾಂಡ್’ ಪತ್ರಿಕೆಗೆ ಬರೆದದ್ದು ಅದು. ಮೂವತ್ತು ದಾಟಿದ ಆತ ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ, ಸ್ಕೀ ಎಂಬ ಉದ್ದನೆಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಲು ಕಲಿತ. ತನ್ನ ಉಣ್ಣೆಯ ಉಡುಪು ಸವೆಯಲಾರದೆಂದು ದರ್ಜಿ ಹೇಳಿದ್ದನ್ನೂ, ಜಾರಿ ಜಾರಿ ಅದು ಸವೆದದ್ದನ್ನೂ ನಗುತ್ತ ಹೇಳುತ್ತಾನೆ. ಮೀಸೆಗೆ ಮೆತ್ತಿದ್ದನ್ನು ಒರೆಸಿಕೊಳ್ಳದೆ ಬರೆದ ಗದ್ಯ!

ಅದೇ ಕಾಲದಲ್ಲಿ ಆಸ್ಟ್ರಿಯಾದ ಲಿಲಿಯನ್‌ಫೆಲ್ಡಿನಲ್ಲಿ ಮಥಿಯಾಸ್ ಝ್ದಾರ್ಸ್ಕಿ ಎಂಬವನಿದ್ದ. 1888ರಲ್ಲಿ ನಾನ್ಸೆನ್ ಸ್ಕೀ ಮೇಲೆ ಗ್ರೀನ್‌ಲ್ಯಾಂಡನ್ನು ದಾಟಿದ ಕಥೆಯನ್ನೋದಿ, ನಾರ್ವೆಯಿಂದ ಹಲಗೆ ತರಿಸಿ, ಗುರುವಿಲ್ಲದೆ ಕಲಿತ. ಅವನಿಗೂ ಆಗ ಮೂವತ್ತು ಮೀರಿತ್ತು. 1896ರಲ್ಲಿ ಆತ ಹೊರತಂದ ಪುಸ್ತಕ ಕಡಿದಾದ ಬೆಟ್ಟಗಳಲ್ಲಿ ಸ್ಕೀ ವಿದ್ಯೆಗೆ ಮೊದಲ ಪಾಠವಾಯಿತು. ಅವನು ಅನೇಕರಿಗೆ ಗುರುವಾದ. ಅಲ್ಲಿಯ ಸ್ವರ ಉಪಾಧ್ಯಾಯನದು: ಕ್ರಮ, ಅಭ್ಯಾಸ, ವಿಧಿ.

ಮೊದಲು ನನ್ನ ಒಲವೆಲ್ಲ ಡಾಯ್ಲನ ಕಡೆಗಿತ್ತು. ಈಗ ಅಷ್ಟು ಸುಲಭವಾಗಿ ತೀರ್ಪು ಕೊಡಲಾರೆ. ಡಾಯ್ಲನನ್ನು ಓದಿ ನಗಬಹುದು, ಜಾರಲು ಕಲಿಯಲಾಗದು. ಯಾವ ಅಭ್ಯಾಸದ ನಂತರ ಯಾವುದು ಎಂಬ ಕ್ರಮ ಝ್ದಾರ್ಸ್ಕಿಗೆ ಎಲ್ಲಿಂದ ಬಂತು? ಹೇಳಿಕೊಡುವವರಿಲ್ಲದವನಿಗೆ ಬೀಳುವುದೊಂದೇ ಗುರು. ಒಬ್ಬ ತನ್ನ ಬೀಳುಗಳನ್ನು ನಗೆಯಾಗಿಸಿದ, ಇನ್ನೊಬ್ಬ ಮೆಟ್ಟಿಲಾಗಿಸಿದ. ಬಿದ್ದದ್ದನ್ನು ಮರೆತ ಗುರು ಮಾತ್ರ ಎರಡನ್ನೂ ಮಾಡಲಾರ.

ಕನ್ನಡದಲ್ಲಿ ಇಂಥ ಪುಸ್ತಕ ಬರಬಾರದೇಕೆ? ಹಿಮ ಬೀಳದ ಕೊಡಗಿನಿಂದ ಹೋದ ಭವಾನಿ ತೆಕ್ಕಡ ನಂಜುಂಡ 2024ರಲ್ಲಿ ಗುಲ್ಮಾರ್ಗದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಸ್ಕೀ ಓಟದ ಚಿನ್ನ ಗೆದ್ದರು. ಪದಕದ ಸುದ್ದಿ ನಾವು ಓದಿದ್ದೇವೆ. ನನಗೆ ಬೇಕಾದದ್ದು ಅದರ ಹಿಂದಿನ ಮೊದಲ ವಾರದ ಕಥೆ.

ಹಿಮಕ್ಕೆ ನಮ್ಮಲ್ಲಿ ಶಬ್ದ ಸಾಲವೆಂದು ಯಾರೂ ಹಿಂಜರಿಯಬೇಕಿಲ್ಲ. ಆಷಾಢದಲ್ಲಿ ಗದ್ದೆಯ ಬದುವಿನ ಮೇಲೆ ನಡೆದವರಿಗೆ ಜಾರುವುದು, ತತ್ತರಿಸುವುದು, ಮುಗ್ಗರಿಸುವುದು, ಮತ್ತೆ ಕಾಲೂರುವುದು ಎಲ್ಲವೂ ಗೊತ್ತು. ಆ ಮಾತುಗಳಲ್ಲೇ ಯಾರಾದರೂ ಬರೆದರೆ, ಹಿಮ ಕಾಣದ ಬಮ್ಮಿಗಟ್ಟಿಯಲ್ಲೂ ಅದಕ್ಕೆ ಓದುಗರು ಸಿಕ್ಕಾರು.